ಯೋಬನ ಮೂರು ಅಧ್ಯಾಯ

ಕಾಪೆಲ್ಲೆ ಆನ್ ಡೆನ್ ಐಸೆಲ್,
ಸೋಮವಾರ, 14 ಅಕ್ಟೋಬರ್ 2024

ಪ್ರೀತಿಯ ಅವ್ವಾ,

ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀ ತಾನೆ? ನಾವು ಆರಾಮ. ಅಪ್ಪನ ಸುದ್ದಿ ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಹುಬ್ಬಳ್ಳಿಗೆ ಹೊರಟಿರುವ ಗೆಳೆಯ ಸಂದೀಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಬೈಬಲಿನ ಯೋಬನ ಮೇಲಿನ ಪುಸ್ತಕ ಮುಗಿಸಲೆಂದೇ ಅವರನ್ನು ಇಲ್ಲಿಗೆ ಕರೆಸಿದ್ದು. ಮೂವತ್ತೆರಡು ವರ್ಷ ಹಳ್ಳಿಯ ಸಭೆಗಳಿಗೆ ಪಾದ್ರಿಯಾಗಿದ್ದಾಗ ನಮ್ಮ ಕದಕ್ಕೆ ಹಗಲು ಅಗಳಿ ಬಿದ್ದದ್ದನ್ನು ನಾನು ನೋಡಲಿಲ್ಲ. ಜ್ವರದವರು, ಅರ್ಜಿ ಬರೆಸುವವರು, ಮನೆಯಲ್ಲಿ ಹಿಟ್ಟಿಲ್ಲದವರು, ಎಲ್ಲರೂ ಬರುತ್ತಿದ್ದರು. ಆ ಗದ್ದಲದಲ್ಲೇ ಏಳು ಭಕ್ತಿ ಪುಸ್ತಕ ಬರೆದವರಿಗೆ ಇಲ್ಲಿ ಉಳಿದ ಮೂರು ಅಧ್ಯಾಯ ಎಷ್ಟರ ಮಾತು ಎಂದುಕೊಂಡೆ. ತೊಂಬತ್ತು ದಿನದ ವೀಸಾದಲ್ಲಿ ಅರವತ್ತೊಂದು ದಿನ ಮುಗಿದಿವೆ. ಒಂದು ಅಧ್ಯಾಯವೂ ನನ್ನ ಕೈಗೆ ಬಂದಿಲ್ಲ.

ನಡೆದಿರುವುದು ಮನೆ ಭೇಟಿ. ಇಲ್ಲಿ ಮಗಳ ಮನೆಗೆ ಹೋಗುವುದಿದ್ದರೂ ದಿನ, ಗಂಟೆ ಗೊತ್ತುಮಾಡಿಕೊಳ್ಳುತ್ತಾರೆ. ಅಪ್ಪ ಊರಿನಲ್ಲಿ ಓಣಿ ತಿರುಗಿದಂತೆ ನಮ್ಮ ಕಟ್ಟಡದ ಎಲ್ಲ ಮನೆಗಳ ಬೆಲ್ ಒತ್ತಿದರು. ಇಬ್ಬರು ದೂರು ಬರೆದರು. ನಿನ್ನ ಅಳಿಯ ಹೋಗಿ ಕ್ಷಮೆ ಕೇಳಿ ಬಂದರು. ಮೂರನೇ ಮಹಡಿಯ ಹೆನ್ನಿ ಎಂಬ ಅಜ್ಜಿ ಮಾತ್ರ ಬಾಗಿಲು ತೆಗೆದರು. ಆಕೆಯ ಗಂಡ ತೀರಿಕೊಂಡು ಒಂದು ವಾರವಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಅಪ್ಪ ಅಲ್ಲೇ. ಇವರಿಗೆ ಡಚ್ ಬರದು, ಆಕೆಗೆ ಕನ್ನಡ ಬರದು. ಇಬ್ಬರೂ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾರಂತೆ. ಚಳಿಗೆಂದು ಕೊಡಿಸಿದ ಹೊಸ ಕೋಟು ಈಗ ಮೆಟ್ರೋ ನಿಲ್ದಾಣದಲ್ಲಿ ಮಲಗುವವನ ಮೈಮೇಲಿದೆ.

ನಿನ್ನೆ ರೇಗಿಯೇಬಿಟ್ಟೆ. “ಹೇಳ್ದೆ ಕೇಳ್ದೆ ಮಂದಿ ಮನೀಗೆ ಹೋಗಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲೆಪ್ಪಾ?”

“ಸಾವಾದ ಮನೀಗೆ ಹೋಗಾಕ ಅಪಾಯಿಂಟ್‌ಮೆಂಟ್ ಬೇಕೇನವಾ? ನಿಮ್ಮೂರಾಗ ಸಾವೂ ಟೈಮ್ ಕೇಳ್ಕೊಂಡ ಬರತೈತೇನು?”

“ಮತ್ತ ಪುಸ್ತಕ?”

“ಯೋಬ ಸಾವಿರಾರು ವರ್ಷ ಕಾದಾನ. ಇನ್ನೊಂದೀಟು ಕಾಯ್ತಾನ ಬಿಡು.”

ನಿನ್ನ ಅಳಿಯ ನಕ್ಕರು. ನನಗೆ ನಗು ಬರಲಿಲ್ಲ. ಊರಿನಲ್ಲಿ ಜನ ಬಂದು ಬರವಣಿಗೆ ನಿಲ್ಲುತ್ತಿತ್ತು. ಇಲ್ಲಿ ಇವರೇ ಜನರನ್ನು ಹುಡುಕಿಕೊಂಡು ಹೋಗುತ್ತಾರೆ. ನೀನಾದರೂ ಅವರಿಗೆ ನಾಲ್ಕು ಸಾಲು ಗಟ್ಟಿಯಾಗಿ ಬರೆ.

ಲೀಲಮ್ಮ ಅತ್ತೆಗೂ ಸಭೆಯವರಿಗೂ ವಂದನೆ ತಿಳಿಸು. ದೇವರು ನಿನ್ನನ್ನು ಕಾಯಲಿ.

ನಿನ್ನ ಮಗಳು
ರಜನಿ

ತಾ.ಕ.: ಸಂದೀಪ ಕೆಳಗೆ ಕಾಯುತ್ತಿದ್ದಾನೆ. ಈಗಷ್ಟೇ ಅಪ್ಪನ ನೋಟುಬುಕ್ಕು ತೆರೆದೆ. ನಲವತ್ತು ಪುಟ ಬರೆದಿದ್ದಾರೆ, ಅವ್ವಾ. ಸಾಲಿನ ಮೇಲೆ ಸಾಲು ಬಿದ್ದು ಒಂದು ಪದವೂ ಓದಲು ಬರುವುದಿಲ್ಲ. ಎರಡು ವರ್ಷದಿಂದ ಅಕ್ಷರ ಕಾಣುವುದಿಲ್ಲವಂತೆ. ಊರಿನಲ್ಲಿ ಅವರು ಹೇಳಿದ್ದನ್ನು ನೀನು ಬರೆದುಕೊಳ್ಳುತ್ತಿದ್ದೆಯಂತೆ. ನನ್ನನ್ನು ಕೇಳಬಾರದಿತ್ತೇ ಎಂದರೆ, “ನಿನಗ ಪುರಸೊತ್ತೆಲ್ಲೈತಿ” ಅಂದರು. ಕಣ್ಣಿನ ಡಾಕ್ಟರಿಗೆ ತೋರಿಸುತ್ತೇನೆ. ನಾಳೆಯಿಂದ ಆಫೀಸಿಗೆ ಹೊರಡುವ ಮುಂಚೆ ಒಂದು ಗಂಟೆ ನಾನು ಬರೆದುಕೊಳ್ಳುತ್ತೇನೆ. ನೀನು ಅವರಿಗೆ ಗಟ್ಟಿಯಾಗಿ ಏನೂ ಬರೆಯಬೇಡ. ಬರೆದರೆ ಅದನ್ನು ಓದಿ ಹೇಳಬೇಕಾದವಳು ನಾನೇ.