ಸಾಬೂನಿನ ರುಚಿ

ಮಾರ್ಚ್ 3, ಬೆಳಿಗ್ಗೆ 6

ಕಡಾಯಿ ಕುದಿಯುತ್ತಿದೆ. ಎಣ್ಣೆಗೆ ಕಾಸ್ಟಿಕ್ ನೀರು ಕೂಡಿಸಿದ್ದು ನಿನ್ನೆ. ಇವತ್ತು ಉಪ್ಪು. ಉಪ್ಪು ಬಿದ್ದದ್ದೇ ತಡ, ಹಾಲು ಒಡೆದ ಹಾಗೆ — ಸಾಬೂನು ಮೇಲಕ್ಕೆ, ಕ್ಷಾರದ ನೀರು ತಳಕ್ಕೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ, ಇನ್ನೂ ಬೇಸರ ಬಂದಿಲ್ಲ.

ಸಂಜೆ — ತಳದ ನಲ್ಲಿ ಬಿಟ್ಟು ನೀರು ಬಸಿದೆವು. ಇವರು ಸಾಬೂನಿನ ಚೂರೊಂದು ಆರಿಸಿ ನಾಲಿಗೆಯ ತುದಿಗೆ ಇಟ್ಟುಕೊಂಡರು. ಚುರುಕ್ ಅಂದರೆ ಕ್ಷಾರ ಉಳಿದಿದೆ, ಮತ್ತೆ ತೊಳೆಯಬೇಕು.

"ಸರಿಯಾಗಿದೆ. ಅಚ್ಚಿಗೆ ಹಾಕಿ" ಎಂದರು.

ಮಾರ್ಚ್ 29

ಮೂಲೆಮನೆಯ ಬಾಣಂತಿ ಬಂದಿದ್ದಳು. ನಮ್ಮ ಸಾಬೂನಿನಲ್ಲಿ ಮಗುವಿನ ಬಟ್ಟೆ ಒಗೆದಿದ್ದಾಳೆ. ಅವಳ ಅಂಗೈ ಕೆಂಪು. ಮಗುವಿನ ಕುತ್ತಿಗೆಯೂ. ಬೈಯಲಿಲ್ಲ. "ನಿಮ್ದು ಅಂತ ನಂಬಿ ತಗೊಂಡೆ, ಅಣ್ಣ" ಎಂದಳು, ಅಷ್ಟೆ.

ಅವಳು ತಂದಿದ್ದ ಬಿಲ್ಲೆಯನ್ನು ಇವರು ನಾಲಿಗೆಗೆ ಮುಟ್ಟಿಸಿದರು. ಮುಖದಲ್ಲಿ ಏನೂ ಇಲ್ಲ. ನಾನೂ ಮುಟ್ಟಿಸಿದೆ... ಸೂಜಿ ಚುಚ್ಚಿದ ಹಾಗಾಯಿತು.

ಸಂಜೆ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿ ಕೊಟ್ಟೆ. ಕುಡಿದರು. ಕೊನೆಯ ಗುಟುಕಿನವರೆಗೂ. "ಚೆನ್ನಾಗಿದೆ ಕಣೇ" ಎಂದರು ಬೇರೆ.

ಆ ಲೋಟ ತೊಳೆಯಲು ಕೈ ಬರಲಿಲ್ಲ.

ಮಾರ್ಚ್ 30

ಕೇಳಿಯೇ ಬಿಟ್ಟೆ. "ಎಷ್ಟು ದಿನ ಆಯ್ತು?"

ಸೌದೆ ಒಡೆಯುತ್ತಿದ್ದವರು ಕೊಡಲಿ ಕೆಳಗಿಟ್ಟರು. "ಆ ಜ್ವರ ಬಂತಲ್ಲ, ಆವಾಗಿಂದ. ರುಚಿನೂ ಇಲ್ಲ, ಚುರುಕೂ ಇಲ್ಲ."

ನಾಲ್ಕು ತಿಂಗಳು. ಈ ಸಲದವರೆಗೆ ಕಣ್ಣಂದಾಜು ಕೈ ಕೊಟ್ಟಿರಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?"

"ನಾಲಿಗೇನೇ ಹೋದ್ಮೇಲೆ ನಾನ್ಯಾವ ಸಾಬೂನಿನವನು, ನೀನೇ ಹೇಳು."

ಒಡೆದಿದ್ದ ಸೌದೆಯನ್ನು ನಾನು ಒಟ್ಟತೊಡಗಿದೆ.

ಏಪ್ರಿಲ್ 11

ಹನ್ನೆರಡು ದಿನ ಒಲೆ ಹೊತ್ತಲಿಲ್ಲ. ಮಾರ್ಚ್ 3ರ ಸಾಬೂನನ್ನೆಲ್ಲ ಮನೆಮನೆಗೆ ಹೋಗಿ ವಾಪಸ್ ತಂದೆವು — ಇವರಿಗೆ ಒಂದು ಬೀದಿ, ನನಗೊಂದು. ಮಗುವಿನ ಕುತ್ತಿಗೆ ವಾಸಿಯಾಗಿದೆ. ನೋಡಿಕೊಂಡು ಬಂದೆ.

ಇವರು ಮಾತ್ರ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಇವತ್ತು ನಾನೇ ಒಲೆ ಹಚ್ಚಿದೆ. ತಂದ ಬಿಲ್ಲೆಗಳನ್ನೆಲ್ಲ ಕಡಾಯಿಗೆ ಸುರಿದೆ. ಸದ್ದು ಕೇಳಿ ಎದ್ದು ಬಂದರು. "ಅಷ್ಟು ಉರಿ ಬೇಡ, ತಳ ಹಿಡಿಯುತ್ತೆ."

ಅಬ್ಬ. ಮಾತಾಡಿದರು.

ಏಪ್ರಿಲ್ 12

ಉಪ್ಪಿನ ಹದ ಇವರದು. ರುಚಿ ನನ್ನದು. ಮೊದಲ ಸಲ ಜೋರಾಗಿ ಚುರುಕ್. ಬಸಿದು, ಹೊಸ ನೀರು ಹಾಕಿ ಕುದಿಸಿ, ಮತ್ತೆ ಉಪ್ಪು. ಇವರು ಕಡಾಯಿ ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಗಿದೆ?"

"ಇನ್ನೂ ಕಚ್ಚುತ್ತೆ."

ಮೂರನೆಯ ಸಲ, ಅಚ್ಚು ತುಂಬುವ ಅಕ್ಕ ಎಂದಿನಂತೆ ಇವರನ್ನೇ ಕೇಳಿದಳು: "ಯಜಮಾನ್ರೇ, ಅಚ್ಚು ತರ್ಲಾ?"

"ಅವಳನ್ನ ಕೇಳಮ್ಮ. ನನಗೆ ರುಚಿ ಗೊತ್ತಾಗಲ್ಲ ಈಗ."

ಇನ್ನೊಬ್ಬರೆದುರು ಹೇಳಿದ್ದು ಇದೇ ಮೊದಲು. ಅಕ್ಕ ನನ್ನ ಕಡೆ ತಿರುಗಿದಳು. ನಾಲಿಗೆಗೆ ಇಟ್ಟುಕೊಂಡೆ. ಏನೂ ಚುಚ್ಚಲಿಲ್ಲ.

"ತಗೊಂಡ್ಬಾ" ಎಂದೆ.

ಏಪ್ರಿಲ್ 13, ಮಧ್ಯಾಹ್ನ

ನಾಲಿಗೆ ಉರಿಯುತ್ತಿದೆ. ಇವರು ಬೆಣ್ಣೆ ತಂದು "ಬಾಯ್ ತೆಗಿ" ಎಂದು ಬೆರಳಿನಲ್ಲಿ ಹಚ್ಚಿದರು. ಮಗುವಿಗೆ ಹಚ್ಚಿದ ಹಾಗೆ. ಆಮೇಲೆ ಮೆಲ್ಲಗೆ, "ಬೆಣ್ಣೆ ಹೇಗಿರುತ್ತೆ, ಹೇಳು. ಮರೀತಾ ಇದೀನಿ" ಎಂದರು.

"ತಂಪು."

"ಅದು ನನಗೂ ಗೊತ್ತಾಗುತ್ತೆ. ಇನ್ನೇನು?"

ಬರೆದುಕೊಂಡು ಹೇಳೋಣ ಎಂದು ಕೂತಿದ್ದೇನೆ. ಬಾಗಿಲಲ್ಲಿ ಕಾಯುತ್ತಿದ್ದಾರೆ. ಬೆಣ್ಣೆ: ಮೊದಲು ಏನೂ ಇಲ್ಲ ಅನಿಸುತ್ತದೆ. ಕರಗುವಾಗ ಸಣ್ಣಗೆ ಹುಳಿ. ಆಮೇಲೆ, ಗಂಟಲಿನ ಹತ್ತಿರ —