ಪ್ರತಿ ಸೆಕೆಂಡಿಗೂ ಹೊಸ ಸೊನ್ನೆ

ಕೊಚ್ಚಿ, ಜುಲೈ 8, ಮಂಗಳವಾರ

ರೇಸ್ ಕಾರಿನ ವೇಗ ಸೆಕೆಂಡಿನೊಳಗೆ ವೆಬ್‌ಪುಟದಲ್ಲಿ ಕಾಣಬೇಕು, ಸುಳ್ಳು ಅಂಕಿ ಮಾತ್ರ ಕಾಣಕೂಡದು. ನಾನು ಮಾಡಿಕೊಡುತ್ತಿರುವ ಪುಟಕ್ಕೆ ತಿರುವನಂತಪುರದ ರೇಸ್ ತಂಡದ ಗಣೇಶಪ್ರಸಾದರ ಷರತ್ತುಗಳಿವು. ಅವರ ಕಾರು ಇನ್ನೂ ಶೆಡ್ಡಿನಲ್ಲೇ ಇದೆ. ಹಾಗಾಗಿ ಇವತ್ತಿನ ಪರೀಕ್ಷೆಗೆ ವೇಗ ಅಳೆಯುವ ಸೆನ್ಸರನ್ನು ನಮ್ಮ ಆಫೀಸಿನ ವಿನ್ಸೆಂಟನ ಹಳೇ ಕಾರಿಗೆ ಕಟ್ಟಿ ಕಳಿಸಿದೆ. ಪುಣ್ಯಾತ್ಮ ಅಂಬಲಮುಗಳ್‌ನ ತೈಲ ಸಂಸ್ಕರಣಾಗಾರದ ಹತ್ತಿರ ಟ್ಯಾಂಕರ್‌ಗಳ ಸಾಲಿನ ಹಿಂದೆ ಸಿಕ್ಕಿಕೊಂಡ.

ಗಣೇಶಪ್ರಸಾದರ ಫೋನು: "ಎಂತ ಮಾರಾಯ್ರೆ, ನಿಮ್ಮ ಸ್ಕ್ರೀನ್ ನಿಂತೇ ಹೋಯ್ತಲ್ಲ!"

"ನಿಂತಿರೋದು ಕಾರು ಸರ್. ಸ್ಕ್ರೀನಲ್ಲಿ ಪ್ರತಿ ಸೆಕೆಂಡಿಗೂ ಹೊಸ ಸೊನ್ನೆ ಬರ್ತಾ ಇದೆ."

"ಅದೆಲ್ಲ ಬೇಡ. ನಾಳೆ ಸ್ಪಾನ್ಸರ್ ಬರ್ತಾರೆ, ಎಂಬತ್ತಾದರೂ ಕಾಣ್ಬೇಕು."

ಸುಳ್ಳು ಕಾಣಕೂಡದೆಂದವರೂ ಇವರೇ! ಮೈಯೆಲ್ಲ ಉರಿಯಿತು. ನಾಳೆ ವಿನ್ಸೆಂಟ್ ಟ್ಯಾಂಕರ್‌ಗಳಿಲ್ಲದ ಬೇರೆ ದಾರಿ ಹಿಡಿದು ನಿಜವಾಗಿಯೇ ಎಂಬತ್ತರಲ್ಲಿ ಓಡಿಸುತ್ತಾನೆ. ಷರತ್ತುಗಳಿಗೆ ನನ್ನದೂ ಒಂದು ಸೇರಿಸಿದ್ದೇನೆ: ವೇಗ ಎಂಬತ್ತು ಮುಟ್ಟಿದಾಗ ಕಾರಿನ ಬಾಗಿಲು ಕಳಚಿ ಬೀಳತಕ್ಕದ್ದಲ್ಲ.