ನಂದೀಶ್ವರಯ್ಯನವರ ಮನೆಯ ತೊಲೆ

ಅತ್ತಿಗೆ,

ಇದನ್ನು ನಿನ್ನೆಯೇ ಅಣ್ಣನೆದುರು ಬಾಯಿಬಿಟ್ಟು ಹೇಳಬೇಕಿತ್ತೇನೋ. ಧೈರ್ಯ ಸಾಲದೆ ನಿಮಗೆ ಬರೆಯುತ್ತಿದ್ದೇನೆ.

ಮಧ್ಯಾಹ್ನ ನಂದೀಶ್ವರಯ್ಯನವರು ಮನೆ ಮಾರುವ ಕರಾರುಪತ್ರ ತರುತ್ತಾರೆ. ಅಣ್ಣ ರುಜು ಹಾಕಬಾರದು. ಮಸಿ ಕುಡಿಕೆ ಹುಡುಕಬೇಡಿ, ಅದು ನನ್ನ ಚೀಲದಲ್ಲಿದೆ. ಬಡಗಿ ದೊಡ್ಡರಂಗಪ್ಪನನ್ನು ಕರೆತರಲು ಮಿಡಿಗೇಶಿಗೆ ಹೊರಟಿದ್ದೇನೆ; ಸಂಜೆಯ ಬಸ್ಸಿಗೆ ಬರುತ್ತೇವೆ. ಬಂದವರಿಗೆ ಊಟ ಬಡಿಸಿ, ಎಲೆ ಅಡಿಕೆ ಕೊಟ್ಟು, ಹೇಗಾದರೂ ಮಾಡಿ ಹೊತ್ತು ಕಳೆಯಿರಿ.

ನಿನ್ನೆ ಮನೆ ಪರೀಕ್ಷೆಗೆ ಹೋದವರು ನಾಲ್ಕು ಜನ. ವಾಸ್ತು ನೋಡುವ ಪುರೋಹಿತರು ದಾರ ಹಿಡಿದು ನೆಲದ ಆಯ ಅಳೆದು, ಬಹಳ ಶುಭ ಎಂದರು. ಮಾವ ಬಾವಿಯ ನೀರು ಕುಡಿದು ತಲೆದೂಗಿದರು. ಅಣ್ಣ ಹೊಸ್ತಿಲಿಗೆ ಕೈಮುಗಿದ. ತಲೆಯೆತ್ತಿ ಮಾಳಿಗೆ ನೋಡಿದವನು ನಾನೊಬ್ಬನೇ. ನಡುಮನೆಯ ತೊಲೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ತೊಲೆಗೆ ಸುಣ್ಣ ಬಳಿಯುವುದನ್ನು ನಾನೆಲ್ಲೂ ಕಂಡಿಲ್ಲ. ಎಲ್ಲರೂ ಹಿತ್ತಲಲ್ಲಿದ್ದಾಗ ಕೊಡೆಯ ಮೊನೆಯಿಂದ ಚುಚ್ಚಿದೆ. ಮೊನೆ ಎರಡು ಬೆರಳಿನಷ್ಟು ಒಳಗೆ ಹೋಯಿತು. ಗೆದ್ದಲಿನ ಮಣ್ಣು ನನ್ನ ಕೋಟಿನ ಮೇಲೆ ಉದುರಿತು.

ಒಳಗೆ ಬಂದ ಅಣ್ಣ ಅದೇ ತೊಲೆ ತೋರಿಸಿ, ಶ್ರಾವಣದಲ್ಲಿ ಹುಟ್ಟುವ ಮಗುವಿನ ತೊಟ್ಟಿಲನ್ನು ಅಲ್ಲೇ ತೂಗುಹಾಕುವುದೆಂದ. ನಂದೀಶ್ವರಯ್ಯನವರು ನನ್ನ ಕೋಟನ್ನೇ ನೋಡುತ್ತಿದ್ದರು.

ಮಾವ ನನ್ನತ್ತ ಕೈಮಾಡಿ, "ನಮ್ಮ ಬಿ.ಎ. ಸುಮ್ಕವ್ನೆ ಅಂದ್ರೆ ಮನೆ ಗಟ್ಟಿ ಅಂತ್ಲೇ ಲೆಕ್ಕ ಕಣಪ್ಪ" ಎಂದರು. ಎಲ್ಲರೂ ನಕ್ಕು ಉಪ್ಪಿಟ್ಟಿಗೆ ಕೂತರು. ನಾನೂ ಕೂತು ಎರಡು ಸಲ ಬಡಿಸಿಕೊಂಡೆ.

ತೊಲೆ ಟೊಳ್ಳಾಗಿದೆ ಎಂದು ನಾನು ಹೇಳಲಿಲ್ಲ.